ಮಕಬರಾದ ಒಳಗ ಏನಿತ್ತು

ಈ ಊರಿಗೆ ಬಂದವರೆಲ್ಲ ಮೊದಲು ಕೇಳುವುದು ಮಕಬರಾ, ಆ ಬೆಳ್ಳನೆಯ ಗೋರಿ ಮಹಲು, ಎಲ್ಲಿದೆ ಅಂತ. ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ಮನೆಗೂ ಬೀಗರು, ಬಿಜ್ಜರು, ಊರ ಕಡೆಯವರು ಒಂದೇ ಸಮನೆ ಬರುತ್ತಿದ್ದರು. ಅವರನ್ನು ಯಜಮಾನರ ಜೊತೆ ಟಾಂಗಾ ಹತ್ತಿಸಿ ಕಳಿಸಿ ನಾನು ಒಳಗೆ ಹೋಗಿ ರೊಟ್ಟಿಗೆ ಕೂಡುತ್ತಿದ್ದೆ. ನೀವೂ ಬರ್ರಿ ಅಂದರೆ ಮೊಣಕಾಲು ನೋವು ಅನ್ನುತ್ತಿದ್ದೆ. ಇಪ್ಪತ್ತರ ಹುಡುಗಿಗೆ ಎಂಥ ಮೊಣಕಾಲು ನೋವು ಅಂತ ಯಾರೂ ಕೇಳಲಿಲ್ಲ, ಕೇಳಿದ್ದರೆ ಬೈದುಬಿಡುತ್ತಿದ್ದೆ. ಆಗ ಔರಂಗಾಬಾದ್ ಅನ್ನುತ್ತಿದ್ದ, ಈಗ ಛತ್ರಪತಿ ಸಂಭಾಜಿನಗರ ಅನ್ನುವ ಈ ಊರನ್ನು ನಾನು ಸರಿಯಾಗಿ ನೋಡಲು ಬಂದದ್ದು ಒಂದೇ ಒಂದು ಸಲ, ಹದಿನೇಳರ ವಯಸ್ಸಿನಲ್ಲಿ, ಅಕ್ಕನ ಜೊತೆ. ಆ ದಿನದ ಮಾತು ಇದು.

ನಮ್ಮ ಮೂಲ ಬೀದರ ಕಡೆ. ಅಪ್ಪ ರೇಲ್ವೆಯ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತ. ಮೊದಲು ಇಗತಪುರಿಯ ಮಳೆಯಲ್ಲಿ ಕೆಲವು ವರ್ಷ ನೆನೆದು, ಆಮೇಲೆ ನಾಸಿಕ್ ರೋಡಿಗೆ ಬಂದೆವು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಅವ್ವ ಹೆತ್ತಳು ಅನ್ನುವುದಷ್ಟೇ, ನನ್ನನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಅವ್ವನಿಗೆ ಓದು ಬರುತ್ತಿರಲಿಲ್ಲ. ಊರಿನಿಂದ ಪತ್ರ ಬಂದರೆ ಅಪ್ಪ ಡ್ಯೂಟಿಯಿಂದ ಬರುವ ತನಕ ಅವಳಿಗೆ ತಾಳ್ಮೆಯೂ ಇರುತ್ತಿರಲಿಲ್ಲ. ಅಕ್ಕ ಎದುರಿಗೆ ಕೂತು ಗಟ್ಟಿಯಾಗಿ ಓದಿ ಹೇಳಬೇಕು. ಯಾರ ಎಮ್ಮೆ ಈಯಿತು, ಯಾರ ಸೊಸೆ ತವರಿಗೆ ಹೋದಳು, ಎಲ್ಲ ಅಕ್ಕನ ಬಾಯಿಂದಲೇ ನಮ್ಮ ಮನೆಗೆ ಬರುತ್ತಿತ್ತು.

ಅಕ್ಕನ ಬಣ್ಣ ಕಪ್ಪು. ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ, ಬಣ್ಣದ ಮೇಲಲ್ಲ, ಬಂದವರ ಮೇಲೆ. ನಮ್ಮ ಪೈಕಿಯವರು ನಾಸಿಕ್ ಕಡೆ ಬೆರಳೆಣಿಕೆಯಷ್ಟು. ಹಾಗಾಗಿ ವರನ ಕಡೆಯವರು ದೂರದಿಂದ ಬರುತ್ತಿದ್ದರು. ಬಂದು ಚಾಪೆಯ ಮೇಲೆ ಕೂತು ಉಪ್ಪಿಟ್ಟು ತಿಂದು, ಅಕ್ಕನನ್ನು ಅತ್ತಿಂದಿತ್ತ ನಡೆಸಿ ನೋಡಿ, ತಿಳಿಸುತ್ತೇವೆ ಅಂತ ಹೋಗುತ್ತಿದ್ದರು. ಮೂರು ಸಲ ಹೀಗಾಯಿತು. ಮೂರನೆಯವರು ಹೋಗುವಾಗ, ಒಳಗೆ ಕಾಫಿ ಬಟ್ಟಲು ತೊಳೆಯುತ್ತಿದ್ದ ಅಕ್ಕನ ಕಿವಿಗೆ ಬೀಳುವ ಹಾಗೆ, ಸಣ್ಣವಳಾದರೆ ಆಗಬಹುದಿತ್ತು ಅಂದರು. ಆವತ್ತು ಅಕ್ಕ ಅಳಲಿಲ್ಲ. ಇನ್ನು ಯಾರ ಮುಂದೆಯೂ ಚಾಪೆಯ ಮೇಲೆ ಕೂಡುವುದಿಲ್ಲ ಅಂತ ಅಪ್ಪನಿಗೆ ಹೇಳಿದಳು. ಅಷ್ಟೇ ಹೇಳಿದ್ದು. ಅಪ್ಪ ಎರಡು ವರ್ಷ ಸುಮ್ಮನಿದ್ದ.

ಆಮೇಲೆ ಔರಂಗಾಬಾದಿನಿಂದ ದೊಡ್ಡಮ್ಮನ ಪತ್ರ ಬಂತು, ಅಪ್ಪನ ಆಫೀಸಿನ ವಿಳಾಸಕ್ಕೆ. ದೊಡ್ಡಮ್ಮ ಅಂದರೆ ಅಪ್ಪನ ದೂರದ ಅಣ್ಣನ ಹೆಂಡತಿ. ಅವಳ ಓಣಿಯಲ್ಲೇ ನಮ್ಮ ಪೈಕಿಯ ಒಂದು ಮನೆ, ಕಿರಾಣಿ ಅಂಗಡಿ, ಒಬ್ಬನೇ ಮಗ. ಹುಡುಗಿಗೆ ಗೊತ್ತಾಗದ ಹಾಗೆ ಹೊರಗೆಲ್ಲಾದರೂ ತೋರಿಸಿ ಅಂತ ದೊಡ್ಡಮ್ಮ ಬರೆಸಿದ್ದಳು. ಹೀಗೆ ಕದ್ದು ತೋರಿಸುವ ಪದ್ಧತಿ ನಮ್ಮಲ್ಲಿ ಉಂಟು. ಗುಡಿಯಲ್ಲೋ ತೋಟದಲ್ಲೋ ಎರಡೂ ಕಡೆಯವರು ಅಪರಿಚಿತರ ಹಾಗೆ ಎದುರಾಗಬೇಕು. ಮಾತಾಡಬಾರದು, ನಮಸ್ಕಾರ ಕೂಡ ಮಾಡಬಾರದು. ಬೇಡ ಅನಿಸಿದರೆ ಯಾರ ಮಾರಿಯೂ ಸಣ್ಣದಾಗುವುದಿಲ್ಲ, ಯಾಕೆಂದರೆ ಯಾರೂ ಯಾರನ್ನೂ ನೋಡಿಯೇ ಇಲ್ಲ. ಗುರುತಿಗೆ ಅಪ್ಪ ಒಂದು ಮಾತು ಬರೆದ: ಹುಡುಗಿ ಕೆಂಪು ಸೆರಗಿನ ಹೊಸ ಇಳಕಲ್ ಸೀರೆ ಉಟ್ಟಿರುತ್ತಾಳೆ. ಅಲ್ಲಿ ಇಳಕಲ್ ಉಡುವ ಮುದುಕಿಯರು ಬೇಕಾದಷ್ಟು, ಹರೆಯದವರು ಉಡುವುದು ಕಡಿಮೆ. ತಪ್ಪುವ ಪ್ರಶ್ನೆಯೇ ಇರಲಿಲ್ಲ.

ಇದೆಲ್ಲ ನನಗೆ ಗೊತ್ತಿತ್ತು. ಅಪ್ಪ ಅವ್ವ ಹಿತ್ತಲಲ್ಲಿ ನಿಂತು ಮಾತಾಡುವಾಗ ನಾನು ಕಟ್ಟಿಗೆ ರಾಶಿಯ ಹಿಂದೆ ಇದ್ದೆ. ಅವ್ವ ನನ್ನ ಕಿವಿ ಹಿಂಡಿ, ಅಕ್ಕನ ಮುಂದೆ ಬಾಯಿ ಬಿಟ್ಟರೆ ನನ್ನಾಣೆ ಅಂದಳು. ನಾನು ಬಾಯಿ ಬಿಡಲಿಲ್ಲ. ಜೀವನದಲ್ಲಿ ನಾನು ಸುಮ್ಮನಿದ್ದದ್ದೇ ಕಡಿಮೆ. ಸುಮ್ಮನಿರಬಾರದ ಕಡೆ ಇದ್ದೆ ನೋಡಿ.

ಅಕ್ಕನಿಗೆ ಹೇಳಿದ್ದು, ಅಪ್ಪನಿಗೆ ಪಾಸು ಸಿಕ್ಕಿದೆ, ಔರಂಗಾಬಾದ್ ನೋಡಿಕೊಂಡು ಬರೋಣ ಅಂತ. ಅವಳ ಸಂತೋಷ ನೋಡಬೇಕಿತ್ತು. ನಮ್ಮ ಅಡುಗೆ ಮನೆಯಲ್ಲಿ ಯಾವುದೋ ಅಂಗಡಿಯ ಹಳೇ ಕ್ಯಾಲೆಂಡರ್ ಇತ್ತು, ಅದರಲ್ಲಿ ಬೀಬಿ ಕಾ ಮಕಬರಾದ ಚಿತ್ರ. ತಾರೀಖು ಹರಿದು ಮುಗಿದು ವರ್ಷಗಳಾಗಿದ್ದರೂ ಅಕ್ಕ ಅದನ್ನು ತೆಗೆಯಗೊಡುತ್ತಿರಲಿಲ್ಲ. ಮಗ ತಾಯಿಗಾಗಿ ಕಟ್ಟಿಸಿದ್ದಂತೆ, ಎಷ್ಟು ಚಂದ ಅದ, ಅನ್ನುತ್ತಿದ್ದಳು. ಚಿತ್ರದಲ್ಲಿ ಹೊರಗಿನದಷ್ಟೇ ಕಾಣುತ್ತದೆ, ಒಳಗೆ ಏನಿದೆಯೋ ಒಮ್ಮೆ ನೋಡಬೇಕು ಅಂತ ರೊಟ್ಟಿ ಬಡಿಯುತ್ತ ಎಷ್ಟು ಸಲ ಹೇಳಿದ್ದಳೋ. ಗೋರಿಯೊಳಗೆ ಗೋರಿ ಇರುತ್ತದೆ, ಮತ್ತೇನಿರುತ್ತದೆ ಅಂತ ನಾನು ಕಾಡುತ್ತಿದ್ದೆ.

ಮನಮಾಡಿನಲ್ಲಿ ಸಣ್ಣ ಗಾಡಿಗೆ ಬದಲಾಯಿಸಿ, ವೈಜಾಪುರದ ಕಡೆಯ ರೈತರ ಸಜ್ಜೆ ಚೀಲಗಳ ನಡುವೆ ಕಾಲು ಮಡಚಿ ಕೂತು, ಸಂಜೆಗೆ ಔರಂಗಾಬಾದ್ ಮುಟ್ಟಿದೆವು. ರಾತ್ರಿ ದೊಡ್ಡಮ್ಮನ ಮನೆ. ಬೆಳಿಗ್ಗೆ ಅವ್ವ ಟ್ರಂಕಿನಿಂದ ಹೊಸ ಇಳಕಲ್ ತೆಗೆದು ಅಕ್ಕನ ಕೈಗೆ ಕೊಟ್ಟಳು. ಇಂಥ ಬಿಸಿಲಿನಲ್ಲಿ ತಿರುಗಲು ಹೊಸ ಸೀರೆ ಯಾಕೆ ಅಂತ ಅಕ್ಕ ಒಪ್ಪಲಿಲ್ಲ. ಪರ ಊರು, ನಾಕು ಜನ ನೋಡ್ತಾರ, ಉಟ್ಟಕೊ ಅಂದಳು ಅವ್ವ. ನನಗೆ ಮೊಸರು ಬಣ್ಣದ ತೆಳು ಹತ್ತಿ ಸೀರೆ. ಸೀರೆ ಉಡಲು ಶುರು ಮಾಡಿ ಇನ್ನೂ ಆರು ತಿಂಗಳಾಗಿತ್ತು, ನಡೆದರೆ ಕಾಲಿಗೆ ತೊಡರುತ್ತಿತ್ತು.

ಮುಂಜಾನೆಯೆಲ್ಲ ಅಕ್ಕನದೇ ದರಬಾರು. ಟಾಂಗಾ ಊರಿನ ಹಳೆ ಬಾಗಿಲುಗಳ ಕೆಳಗೆ ಹಾಯುವಾಗ ಒಂದು, ಎರಡು ಅಂತ ಬೆರಳು ಮಡಚಿ ಎಣಿಸಿದಳು. ಅರ್ಧ ಬಿದ್ದ ಕೋಟೆ ಗೋಡೆ ಕಂಡರೆ ಟಾಂಗಾ ನಿಲ್ಲಿಸುವಂತೆ ಅಪ್ಪನಿಗೆ ಹೇಳಿದಳು, ಅಪ್ಪ ನಿಲ್ಲಿಸಿದ. ಕೇಳಿದ್ದಕ್ಕೆಲ್ಲ ಅಪ್ಪ ಹೂಂ ಅನ್ನುತ್ತಿದ್ದ. ಮ್ಯೂಸಿಯಮ್ಮಿನಲ್ಲಿ ಕತ್ತಿ, ಢಾಲು ಇದ್ದ ಕಡೆ ಅವಳು ನಿಲ್ಲಲೇ ಇಲ್ಲ. ನೆಲದಲ್ಲಿ ಅಗೆದಾಗ ಸಿಕ್ಕ ಮಣ್ಣಿನ ಬೊಂಬೆ, ಮಣಿ, ದಂತದ ಬಾಚಣಿಕೆ ಇಟ್ಟ ಗಾಜಿನ ಪೆಟ್ಟಿಗೆಗೆ ಮೂಗು ಹಚ್ಚಿ ನಿಂತಳು. ಮರಾಠಿಯಲ್ಲಿ ಬರೆದ ಚೀಟಿ ಒಂದೊಂದನ್ನೂ ಅವ್ವನಿಗೆ ಕನ್ನಡದಲ್ಲಿ ಓದಿ ಹೇಳಿದಳು. ಈ ಬಾಚಣಿಕಿಯವಳ ಹೆಸರೇನಿತ್ತೋ ಅಂದಳು. ಅವ್ವನ ಗಮನ ಎಲ್ಲ ಸೀರೆಯ ನಿರಿಗೆಯ ಮೇಲೆ. ನನಗೆ ಬೇಜಾರಾಗಿ, ನಿನಗ ಇಲ್ಲೇ ನೌಕರಿ ಕೊಡಸ್ತೀನಿ, ಕೂಡು ಅಂದೆ. ಅಕ್ಕ ನಕ್ಕಳು. ಅವಳು ಬಾಯಿ ತುಂಬ ನಕ್ಕದ್ದನ್ನು ನಾನು ಕಂಡದ್ದು ಕಡಿಮೆ, ಆವತ್ತು ಬೆಳಿಗ್ಗೆಯೇ ಮೂರು ನಾಲ್ಕು ಸಲ ಕಂಡೆ.

ಮಧ್ಯಾಹ್ನ ಪನ್‌ಚಕ್ಕಿಗೆ ಬಂದೆವು. ನೀರಿನ ಬಲದಿಂದ ತಿರುಗುವ ಹಳೆ ಬೀಸುಕಲ್ಲು, ಎದುರಿಗೆ ಮೀನು ತುಂಬಿದ ಹೊಂಡ, ದೊಡ್ಡ ಆಲದ ಮರ. ಕಟ್ಟಿಕೊಂಡು ಬಂದ ರೊಟ್ಟಿ, ಶೇಂಗಾ ಹಿಂಡಿ ತಿಂದು ಅಪ್ಪ ಅವ್ವ ನೆರಳಿನಲ್ಲಿ ಅಡ್ಡಾದರು. ದೊಡ್ಡಮ್ಮ, ನನಗ ಮನ್ಯಾಗ ಕೆಲಸದ, ನೀವು ನಾಕಕ್ಕ ಮಕಬರಾಕ್ಕ ಬರ್ರಿ, ಅಲ್ಲೇ ಕೂಡ್ತೀನಿ ಅಂತ ಹೇಳಿ ಹೋದಳು. ವರನ ಕಡೆಯವರನ್ನು ಕರೆತರಲು ಹೋದಳು ಅಂತ ನನಗೂ ಅವ್ವನಿಗೂ ಗೊತ್ತು. ಅಕ್ಕ ಮೀನಿಗೆ ರೊಟ್ಟಿಯ ಚೂರು ಹಾಕುತ್ತಿದ್ದಳು. ನಾನು ಎದ್ದು ನಾಲ್ಕು ಹೆಜ್ಜೆ ನಡೆದೆ. ಅಕ್ಕ ಥಟ್ಟನೆ ಬಂದು ನನ್ನ ಹಿಂದೆಯೇ ಅಂಟಿಕೊಂಡು ನಿಂತಳು. ಹೊಳ್ಳಬ್ಯಾಡ, ಹಂಗೇ ನಡಿ ಅಂತ ಕಿವಿಯಲ್ಲಿ ಹೇಳಿದಳು.

ನನ್ನ ತಿಂಗಳ ದಿನ ನಾಲ್ಕು ದಿನ ಮೊದಲೇ ಬಂದುಬಿಟ್ಟಿತ್ತು. ಮೊಸರು ಬಣ್ಣದ ಸೀರೆ. ಸುತ್ತಲೂ ಗಂಡಸರು, ಶಾಲೆಯ ಹುಡುಗರ ದೊಡ್ಡ ಗುಂಪು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನಿಸಿತು. ಹೆಂಗಸರ ಪಾಯಖಾನೆಯ ಮರೆಯ ಒಳಗೆ ಅಕ್ಕ ತನ್ನ ಚೀಲದಿಂದ ಬಟ್ಟೆ ತೆಗೆದು ಕೊಟ್ಟಳು, ನಳದ ಕೆಳಗೆ ಕಲೆ ತಿಕ್ಕಿದಳು. ಹೋಗಲಿಲ್ಲ, ಇನ್ನೂ ಅಗಲವಾಯಿತು. ಆಗ ಅವಳು ಒಂದು ಮಾತೂ ಆಡದೆ ತನ್ನ ಇಳಕಲ್ ಬಿಚ್ಚತೊಡಗಿದಳು.

ಇಲ್ಲಿ ನಾನು ಬೇಡ ಅನ್ನಬೇಕಿತ್ತು. ಆ ಸೀರೆ ಏನೆಂದು ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ. ಹೊರಗೆ ಓಡಿ ಅವ್ವನನ್ನು ಕರೆಯಬಹುದಿತ್ತು. ಅಕ್ಕಾ, ಈ ಸೀರೆ ಬಿಚ್ಚಬೇಡ ಅಂತ ಕಾಲು ಹಿಡಿಯಬಹುದಿತ್ತು. ನನ್ನ ತಲೆಯಲ್ಲಿ ಇದ್ದದ್ದು ಹೊರಗೆ ನಿಂತ ಹುಡುಗರು ಅಷ್ಟೇ. ಅಕ್ಕ ನನಗೆ ನಿರಿಗೆ ಹಿಡಿದು ಉಡಿಸಿದಳು, ಸೆರಗು ಸರಿ ಮಾಡಿದಳು, ಗಲ್ಲದ ಮೇಲಿನ ಕಣ್ಣೀರು ಒರೆಸಿದಳು. ಆಮೇಲೆ ನನ್ನ ಒದ್ದೆ ಸೀರೆಯನ್ನು ತಾನು ಉಟ್ಟಳು. ಎಷ್ಟು ಮಡಚಿ ಉಟ್ಟರೂ ಕಲೆಯ ಅಂಚು ಹಿಂದೆ ಕಾಣುತ್ತಿತ್ತು.

"ನಂದೇನದ, ಮುದುಕಿ. ನನ್ನ ಯಾರ್ ನೋಡ್ತಾರ," ಅಂದಳು.

ಹೊರಗೆ ಬಂದಾಗ ಟಾಂಗಾ ಸಿದ್ಧವಾಗಿತ್ತು. ನನ್ನ ಮೈಮೇಲೆ ಇಳಕಲ್ ನೋಡಿ ಅವ್ವನ ಮಾರಿ ಬಿಳುಪಾಯಿತು. ನನ್ನನ್ನು ಬದಿಗೆ ಎಳೆದಳು, ನಾನು ಕಿವಿಯಲ್ಲಿ ಹೇಳಿದೆ. ಮತ್ತೆ ಬದಲಾಯಿಸಿ ಅಂದರೆ ಅಕ್ಕ ಯಾಕೆ ಅಂತ ಕೇಳುತ್ತಾಳೆ. ಕಲೆಯ ಸೀರೆ ಉಡಿಸಿ ನನ್ನನ್ನು ನಡೆಸುವ ಹಾಗಿಲ್ಲ. ದೊಡ್ಡಮ್ಮನಿಗೆ ಸುದ್ದಿ ಮುಟ್ಟಿಸಲು ದಾರಿಯಿಲ್ಲ. ಹೋಗದೆ ಇರೋಣವೆಂದರೆ ಕಾದು ನಿಂತವರಿಗೆ ಅವಮಾನ. ಅಪ್ಪನಿಗೆ ಇದನ್ನೆಲ್ಲ ಹೇಳಲು ಅವ್ವನಿಗೆ ನಾಚಿಕೆ. ಟಾಂಗಾ ಹೊರಟಿತು.

ಮಕಬರಾದಲ್ಲಿ ಅಕ್ಕ ಎಲ್ಲರಿಗಿಂತ ಹಿಂದೆ ನಡೆದಳು, ತನ್ನ ಬೆನ್ನ ಹಿಂದೆ ಯಾರೂ ಬರದ ಹಾಗೆ. ಉದ್ದನೆಯ ನೀರಿನ ಕಾಲುವೆ, ಎರಡೂ ಕಡೆ ಗಿಡ, ತುದಿಗೆ ಬೆಳ್ಳಗೆ ಆ ಮಹಲು. ಮೇಲೆ ಹತ್ತುವ ಮೆಟ್ಟಿಲ ಹತ್ತಿರ ಬಂದಾಗ ಅವಳು ನಿಂತಳು. ಮೆಟ್ಟಿಲು ಹತ್ತಿದರೆ ಕೆಳಗಿನವರಿಗೆ ಕಾಣುತ್ತದಲ್ಲ. ನೀವು ನೋಡಿ ಬರ್ರಿ, ನನಗ ಕಾಲು ಸೋತಾವ ಅಂತ ಹೇಳಿ ಕಟ್ಟೆಗೆ ಬೆನ್ನು ಹಚ್ಚಿ ಕೂತುಬಿಟ್ಟಳು. ಒಳಗಿನದನ್ನು ನೋಡಲು ಇಷ್ಟು ವರ್ಷ ಕಾದವಳು ಅಲ್ಲಿಯ ತನಕ ಬಂದು ಮಹಲಿಗೆ ಬೆನ್ನು ಮಾಡಿ ಕೂತಳು.

ನಾವು ಮೇಲೆ ಹತ್ತಿದೆವು. ದೊಡ್ಡಮ್ಮ ನಮ್ಮ ಗುರುತೇ ಇಲ್ಲದವಳಂತೆ ಒಬ್ಬ ಹೆಂಗಸಿನ ಜೊತೆ ಅಡ್ಡಾಡುತ್ತಿದ್ದಳು, ಜೊತೆಗೆ ಬಿಳಿ ಅಂಗಿಯ ಹುಡುಗ. ಅವ್ವ ಕಣ್ಣಿನಲ್ಲೇ ಇಲ್ಲ ಇಲ್ಲ ಅಂತ ಸನ್ನೆ ಮಾಡಿದಳು. ದೊಡ್ಡಮ್ಮ ಅದನ್ನು ಎಲ್ಲ ಸರಿಯಾಗಿದೆ ಅಂತ ತಿಳಿದಳೋ ಏನೋ, ನಕ್ಕು ಅವರಿಗೆ ನನ್ನ ಕಡೆಯೇ ತೋರಿಸಿದಳು. ಬೆಳಿಗ್ಗೆಯಿಂದ ನಮ್ಮ ಜೊತೆಗಿದ್ದವಳೇ, ಆದರೆ ಅವಳಿಗೆ ದೂರದ್ದು ಮಬ್ಬು, ಮಾರಿ ಕಾಣದೆ ಹೊಸ ಸೀರೆಯನ್ನಷ್ಟೇ ನೋಡಿದಳು.

ಈಗ ಹೇಳುವುದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ಆ ಹುಡುಗ ನನ್ನನ್ನು ನೋಡುತ್ತಿದ್ದಾನೆ ಅಂತ ನನಗೆ ಗೊತ್ತಾಯಿತು. ತಲೆ ತಗ್ಗಿಸಿ ಅಪ್ಪನ ಹಿಂದೆ ಸರಿಯಬೇಕಿತ್ತು, ಸರಿಯಲಿಲ್ಲ. ಒಮ್ಮೆ ನಾನೂ ನೋಡಿದೆ. ನನ್ನನ್ನು ಹಾಗೆ ಯಾರೂ ನೋಡಿರಲಿಲ್ಲ, ಹಿತವಾಗಿತ್ತು. ಅಕ್ಕನ ಸೀರೆ ಉಟ್ಟು, ಅಕ್ಕನಿಗೆ ಬಂದ ವರನ ಮುಂದೆ, ಸೆರಗು ಸರಿ ಮಾಡಿಕೊಂಡೆ. ಕೆಳಗೆ ಅಕ್ಕ ಕಲೆ ಮುಚ್ಚಿಕೊಂಡು ಕೂತಿದ್ದಳು.

ವಾಪಸು ಬರುವಾಗ ಟಾಂಗಾದಲ್ಲಿ ಅಕ್ಕ ಕೇಳಿದಳು, "ಒಳಗ ಏನಿತ್ತು? ಹೇಳು."

ನನಗೆ ಏನೂ ನೆನಪಾಗಲಿಲ್ಲ. ಜಾಲರಿಯ ತನಕ ಹೋಗಿದ್ದೆ, ಬಗ್ಗಿ ನೋಡಿಯೇ ಇರಲಿಲ್ಲ. ಏನಿಲ್ಲ ಬಿಡು, ಕತ್ತಲಿ ಇತ್ತು ಅಂದೆ.

ಆ ಸಂಜೆಯೇ ಅವ್ವ ದೊಡ್ಡಮ್ಮನಿಗೆ ಆದದ್ದನ್ನು ಹೇಳಿದಳು. ದೊಡ್ಡಮ್ಮ ಹಣೆ ಬಡಿದುಕೊಂಡು, ಅವರಿಗೆ ತಿಳಿಸಿ ಹೇಳುತ್ತೇನೆ, ದೊಡ್ಡವಳನ್ನು ಮತ್ತೊಮ್ಮೆ ತೋರಿಸೋಣ ಅಂದಳು. ನಾವು ನಾಸಿಕ್‌ಗೆ ಹೊಳ್ಳಿ ಬಂದೆವು. ಹದಿನೈದು ದಿನ ಅವ್ವ ಅಂಚೆಯವನ ದಾರಿ ಕಾದಳು. ಪತ್ರ ಈ ಸಲ ಆಫೀಸಿಗೆ ಹೋಗಲಿಲ್ಲ, ಯಾವ ಪುಣ್ಯಾತ್ಮ ವಿಳಾಸ ಬರೆದನೋ, ಮನೆಗೇ ಬಂತು. ಅಪ್ಪ ಡ್ಯೂಟಿಯಲ್ಲಿದ್ದ. ಅವ್ವ ಅಕ್ಕಿ ಆರಿಸುತ್ತಿದ್ದಳು. ಅಂಚೆಯವನ ಕೈಯಿಂದ ಪತ್ರ ತಗೊಂಡ ಅಕ್ಕ, ಯಾವಾಗಿನಂತೆ ಅವಳೆದುರಿಗೆ ಕೂತು ಗಟ್ಟಿಯಾಗಿ ಓದತೊಡಗಿದಳು.

ಕ್ಷೇಮ ಸಮಾಚಾರ ಮುಗಿಯಿತು. ಮಕಬರಾದಲ್ಲಿ ಹುಡುಗಿಯನ್ನು ನೋಡಿದರು ಅಂತ ಓದಿದಳು. ಹುಡುಗಿ ಪಸಂದ ಬಂದಾಳ ಅಂತ ಓದಿದಳು. ಅವ್ವ ಮೊರವನ್ನು ಅಲ್ಲೇ ಬಿಟ್ಟು, ಸಾಕು, ಅಪ್ಪ ಬರಲಿ ಅಂದಳು. ಅಕ್ಕ ನಿಲ್ಲಿಸಲಿಲ್ಲ, ಮುಂದೆ ಓದಿದಳು: ಇಳಕಲ್ ಸೀರೆ ಉಟ್ಟವಳು ಹಿರಿಯ ಮಗಳಲ್ಲ, ಸಣ್ಣವಳು ಅಂತ ನೀವು ಹೇಳಿದ್ದನ್ನು ತಿಳಿಸಿದೆ. ಹುಡುಗ ಆಕೆಯೇ ಆಗಬೇಕು ಅನ್ನುತ್ತಾನೆ. ಕೆಳಗೆ ಕೂತಿದ್ದವಳನ್ನು ಅವರು ಸರಿಯಾಗಿ ನೋಡಲೇ ಇಲ್ಲವಂತೆ, ಯಾರೋ ಮನೆಗೆಲಸದವಳು ಅಂತ ತಿಳಿದಿದ್ದರಂತೆ. ಕೊನೆಯ ಸಾಲಿನ ಶರಣುಗಳ ತನಕ ಒಂದೇ ಧ್ವನಿಯಲ್ಲಿ ಓದಿದಳು. ಪತ್ರ ಮಡಚಿದಳು.

"ಹಂಗಾದ್ರ ನಾವು ಊರ ನೋಡ್ಲಕ ಹೋಗಿದ್ದಿಲ್ಲೇನವ್ವಾ?"

ಅಕ್ಕ ಪತ್ರವನ್ನು ಅಪ್ಪನ ಗೂಟದ ಚೀಲದಲ್ಲಿಟ್ಟು, ಮೊರ ಎತ್ತಿಕೊಂಡು ಉಳಿದ ಅಕ್ಕಿ ಆರಿಸಿದಳು. ಮರುದಿನ ನೋಡಿದರೆ ಗೋಡೆಯ ಮೇಲೆ ಕ್ಯಾಲೆಂಡರ್ ಇರಲಿಲ್ಲ.

ನಾನು ರಂಪ ಮಾಡಿದೆ, ಎರಡು ದಿನ ಉಣ್ಣಲಿಲ್ಲ, ನನಗೆ ಈ ಮದುವೆ ಬೇಡ ಅಂತ ಗಡಿಗೆ ಒಡೆದೆ. ಖರೆ ಹೇಳುತ್ತೇನೆ, ಒಳಗೊಳಗೆ ಆ ಬಿಳಿ ಅಂಗಿ ನೆನಪಾಗುತ್ತಿತ್ತು, ಅದಕ್ಕೇ ಅಷ್ಟು ಜೋರು ಮಾಡಿದೆ. ಅಪ್ಪ, ದೊಡ್ಡವಳು ಇರುವಾಗ ಹೇಗೆ ಅಂತ ಒಂದು ವರ್ಷ ಎಳೆದ. ಕೊನೆಗೆ ಅಪ್ಪನನ್ನು ಒಪ್ಪಿಸಿದವಳು ಅಕ್ಕನೇ. ಒಬ್ಬಾಕಿದಾದ್ರೂ ಆಗ್ಲಿ ಅಂದಳಂತೆ. ನನ್ನ ಮದುವೆಯ ಕುಬಸ ಹೊಲಿದವಳು ಅವಳು. ಆ ಇಳಕಲ್ ಸೀರೆಯನ್ನೂ ಒಗೆದು ಮಡಚಿ ನನ್ನ ಟ್ರಂಕಿನಲ್ಲೇ ಇಟ್ಟಳು. ಆಮೇಲೆ ಅವಳಿಗೆ ಯಾರೂ ವರ ನೋಡಲಿಲ್ಲ. ಓಣಿಯ ಹುಡುಗಿಯರಿಗೆ ಹೊಲಿಗೆ ಕಲಿಸುತ್ತ ಅಪ್ಪನ ಮನೆಯಲ್ಲೇ ಉಳಿದಳು.

ನನ್ನ ಎರಡನೇ ಬಾಣಂತನಕ್ಕೆ ಅವ್ವನಿಗೆ ಕೈಲಾಗುತ್ತಿರಲಿಲ್ಲ, ಅಕ್ಕ ಈ ಊರಿಗೆ ಬಂದಳು. ಎರಡು ತಿಂಗಳು ಇದ್ದು, ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಿ, ನನಗೆ ಬಾಣಂತಿ ಖಾರ ಮಾಡಿ ತಿನ್ನಿಸಿದಳು. ಯಜಮಾನರ ಎದುರಿಗೆ ಬರಬೇಕಾದರೆ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ಅವರಿಗೂ ಏನು ಮಾತಾಡಬೇಕೋ ತಿಳಿಯುತ್ತಿರಲಿಲ್ಲ, ಒಳ್ಳೆಯ ಮನುಷ್ಯ ಅವರು. ನಾಳೆ ಹೊರಡುವುದು ಅನ್ನುವ ದಿನ ಅಕ್ಕ ನನ್ನ ಹತ್ತಿರ ಕೂತಳು.

"ಮಕಬರಾಕ್ಕ ಒಮ್ಮೆ ಹೋಗಿ ಬರೋಣೇನು? ಅವತ್ತು ಒಳಗಿಂದು ನೋಡ್ಲಿಲ್ಲ ನಾ."

ಅವಳ ಧ್ವನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಸಲೀಸಾಗಿತ್ತು. ಆ ಮೆಟ್ಟಿಲ ಹತ್ತಿರ ಅವಳ ಜೊತೆ ನಿಲ್ಲುವುದು ನನ್ನಿಂದ ಆಗುತ್ತಿರಲಿಲ್ಲ, ಹಾಗೆಂದು ಹೇಳಲೂ ಬರಲಿಲ್ಲ. ಅದಕ್ಕೆ ಸಿಟ್ಟು ಮಾಡಿದೆ. ಏನದ ಅಲ್ಲಿ ನೋಡ್ಲಕ, ಸುಣ್ಣದ ಗ್ವಾಡಿ, ಕೈಯಾಗ ಕೂಸು ಅದ, ಮುಂದಿನ ಸಲ ನೋಡೋಣ ಅಂದುಬಿಟ್ಟೆ. ಆಯ್ತು ತಂಗಿ ಅಂತ ಎದ್ದು ಹೋಗಿ ಕೂಸಿನ ಬಟ್ಟೆ ಮಡಚಿದಳು. ಮರುದಿನ ಗಾಡಿ ಹತ್ತಿದಳು.

ಮುಂದಿನ ಸಲ ಬರಲಿಲ್ಲ. ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ಎಂಟು ದಿನಕ್ಕೆ ಹೋದಳು. ನಾನು ನಾಸಿಕ್ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳ ಹೊಲಿಗೆ ಯಂತ್ರದ ಖಾನೆಯಲ್ಲಿ ದಾರದ ಉಂಡೆಗಳ ಕೆಳಗೆ ಆ ಕ್ಯಾಲೆಂಡರಿನ ಚಿತ್ರ ಇತ್ತು, ಅಂಚು ಕತ್ತರಿಸಿ, ನಾಲ್ಕು ಮಡಿಕೆ ಮಾಡಿ ಇಟ್ಟಿದ್ದಳು.

ಹೊಳ್ಳಿ ಬಂದ ಮೇಲೆ ಒಂದು ಮಧ್ಯಾಹ್ನ ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು ಒಬ್ಬಳೇ ಹೋದೆ. ಕಾಲುವೆಯ ಬದಿಯಿಂದ ನಡೆದು, ಅಕ್ಕ ಕೂತಿದ್ದ ಕಟ್ಟೆ ದಾಟಿ, ಮೇಲೆ ಹತ್ತಿ, ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆ. ಕತ್ತಲೆಯೇನೂ ಇರಲಿಲ್ಲ. ಸುತ್ತಲೂ ಕಲ್ಲಿನ ಜಾಲರಿ, ಬೆಳಕು ಅದರ ತೂತುಗಳಿಂದ ಒಳಗೆ ಬೀಳುತ್ತಿತ್ತು. ನಡುವೆ ಬಗ್ಗಿ ನೋಡಿದರೆ ಕೆಳಗೆ ಆ ತಾಯಿಯ ಗೋರಿ, ಮೇಲೆ ಒಂದು ಬಟ್ಟೆ, ಬಂದವರು ಎಸೆದ ಚಿಲ್ಲರೆ ನಾಣ್ಯ. ಅಷ್ಟೇ ಇತ್ತು. ನೋಡಲು ಒಂದು ನಿಮಿಷ ಸಾಕಿತ್ತು.